ಹಣ್ಣಿನ ಗುಣ ಗುಳಿಗೆಗೆ ಬಂದೀತೆ?

ಫಿನ್ಲೆಂಡಿನಲ್ಲಿ 1985ರಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಸಿಗರೇಟು ಸೇದುವ 29,133 ಗಂಡಸರು, ಎಲ್ಲರೂ 50ರಿಂದ 69ರ ವಯಸ್ಸಿನವರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಗುಳಿಗೆ. ಬೀಟಾ ಕ್ಯಾರೊಟೀನ್ ಎಂದರೆ ಮಾವು, ಪಪ್ಪಾಯಿ, ಕ್ಯಾರೆಟ್‌ಗಳ ಕೇಸರಿ ಬಣ್ಣದ ಹಿಂದಿರುವ ಆಂಟಿಆಕ್ಸಿಡೆಂಟ್. ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದು ಆ ಹೊತ್ತಿಗೆ ಗೊತ್ತಿತ್ತು. ಹಾಗಾದರೆ ಅದರ ಸಾರವನ್ನೇ ಗುಳಿಗೆ ಮಾಡಿ ಕೊಟ್ಟರೆ? 1994ರಲ್ಲಿ ಬಂದ ಉತ್ತರ ಬೆಚ್ಚಿಬೀಳಿಸುವಂತಿತ್ತು. ಬೀಟಾ ಕ್ಯಾರೊಟೀನ್ ನುಂಗಿದವರಲ್ಲಿ ಆ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಇನ್ನೊಂದು ಪ್ರಯೋಗವನ್ನು, ಅಲ್ಲೂ ಹಾನಿಯೇ ಕಂಡದ್ದರಿಂದ, 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಬೀಡಿ ಸಿಗರೇಟು ಸೇದುವವರು ಈ ಗುಳಿಗೆಯ ತಂಟೆಗೇ ಹೋಗಬಾರದು.

ಮೇಲ್ನೋಟಕ್ಕೆ ತರ್ಕ ಸರಿಯಾಗಿಯೇ ಇತ್ತು. ನಾವು ಉಸಿರಾಡಿದ ಆಮ್ಲಜನಕವನ್ನು ಜೀವಕೋಶದೊಳಗಿನ ಮೈಟೊಕಾಂಡ್ರಿಯಾಗಳು ಶಕ್ತಿಯ ಉತ್ಪಾದನೆಗೆ ಬಳಸುತ್ತವೆ. ಆಗ ಒಂದಿಷ್ಟು ಆಮ್ಲಜನಕ ಫ್ರೀ ರ‍್ಯಾಡಿಕಲ್ ಆಗಿ ಬದಲಾಗುತ್ತದೆ. ಇದರಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುತ್ತದೆ. ಜೋಡಿ ಮಾಡಿಕೊಳ್ಳಲು ಅದು ಕೊಬ್ಬು, ಪ್ರೋಟೀನ್, ಡಿಎನ್ಎ, ಯಾವುದು ಸಿಕ್ಕರೆ ಅದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಂಟಿಆಕ್ಸಿಡೆಂಟ್ ತನ್ನದೇ ಎಲೆಕ್ಟ್ರಾನ್ ಕೊಟ್ಟು ಈ ಕಿತ್ತಾಟವನ್ನು ನಿಲ್ಲಿಸುತ್ತದೆ. ಮುಪ್ಪಿಗೂ ಇದೇ ಕಿತ್ತಾಟ ಕಾರಣ ಎಂದು 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ವಾದಿಸಿದರು. ಅಲ್ಲಿಂದ ಮುಂದೆ ಫ್ರೀ ರ‍್ಯಾಡಿಕಲ್ ಖಳನಾಯಕನಾಯಿತು.

ಆದರೆ ದೇಹ ಈ ಖಳನಾಯಕನಿಂದ ಕೆಲಸವನ್ನೂ ತೆಗೆಯುತ್ತದೆ. ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಫ್ರೀ ರ‍್ಯಾಡಿಕಲ್‌ಗಳನ್ನು ಬೇಕೆಂದೇ ತಯಾರಿಸುತ್ತವೆ. ವ್ಯಾಯಾಮ ಮಾಡಿದಾಗಲೂ ಅವು ಹುಟ್ಟುತ್ತವೆ, ರಕ್ಷಣೆ ಬಿಗಿಮಾಡಿಕೊಳ್ಳಲು ದೇಹಕ್ಕೆ ಸೂಚನೆ ಕೊಡುತ್ತವೆ. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ವ್ಯಾಯಾಮದ ಜೊತೆಗೆ ದಿನವೂ ವಿಟಮಿನ್ ಸಿ ಮತ್ತು ಇ ಗುಳಿಗೆ ತೆಗೆದುಕೊಂಡವರಿಗೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭ ದಕ್ಕಲೇ ಇಲ್ಲ. ಬೆವರು ಸುರಿಸಿದ್ದು ದಂಡ!

ಇನ್ನು ಹಣ್ಣಿನ ವಿಚಾರ. ನೇರಳೆಯ ಕಡುಬಣ್ಣ ಆಂಥೋಸಯನಿನ್‌ನದು. ಮರ ಅದನ್ನು ಮಾಡಿಕೊಂಡದ್ದು ತನಗಾಗಿ. ಇಂಥ ಬಣ್ಣಗಳು ಬಿಸಿಲಿನ ಹೊಡೆತ ತಡೆಯುತ್ತವೆ, ಬೀಜ ಹರಡುವ ಹಕ್ಕಿಗಳನ್ನು ಕರೆಯುತ್ತವೆ. ಪ್ರನಾಳದಲ್ಲಿ ಇವು ಫ್ರೀ ರ‍್ಯಾಡಿಕಲ್‌ಗಳನ್ನು ಭರ್ಜರಿಯಾಗಿ ತಣಿಸುತ್ತವೆ, ನಿಜ. ಹೊಟ್ಟೆಗೆ ಹೋದ ಮೇಲೆ ರಕ್ತ ಸೇರುವುದು ಮಾತ್ರ ಅತ್ಯಲ್ಪ. ಸೇಬು ತಿಂದ ಬಳಿಕ ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ಏರುವುದೇಕೆಂದು ಪರೀಕ್ಷಿಸಿದವರಿಗೆ ಸಿಕ್ಕ ಕಾರಣ ತಮಾಷೆಯಾಗಿದೆ: ಸೇಬಿನ ಸಕ್ಕರೆಯಾದ ಫ್ರಕ್ಟೋಸ್, ರಕ್ತದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸಿತ್ತು! ಯಾವ ಹಣ್ಣಿಗೆ ಎಷ್ಟು ಆಂಟಿಆಕ್ಸಿಡೆಂಟ್ ಅಂಕ ಎಂದು ಪಟ್ಟಿ ಇಟ್ಟಿದ್ದ ಅಮೆರಿಕದ ಕೃಷಿ ಇಲಾಖೆ, ಆ ಅಂಕಕ್ಕೂ ಆರೋಗ್ಯಕ್ಕೂ ಸಂಬಂಧ ಕಾಣುತ್ತಿಲ್ಲವೆಂದು 2012ರಲ್ಲಿ ಅದನ್ನು ತೆಗೆದೇಹಾಕಿತು. ಪೊಟ್ಟಣಗಳ ಮೇಲಿನ ಜಾಹೀರಾತಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ವಿಟಮಿನ್ ಸಿ ಮಾತು ಬೇರೆ. ಹಸು, ನಾಯಿಗಳ ಯಕೃತ್ತು ಅದನ್ನು ತಾನೇ ತಯಾರಿಸುತ್ತದೆ. ಮನುಷ್ಯ, ಕೋತಿ, ಗಿನಿಯಿಲಿಗಳಲ್ಲಿ ಅದಕ್ಕೆ ಬೇಕಾದ ಜೀನ್ ಕೆಟ್ಟುಹೋಗಿದೆ. ನಾವು ತಿಂದೇ ಪಡೆಯಬೇಕು. ಚರ್ಮ, ಒಸಡು, ರಕ್ತನಾಳಗಳನ್ನು ಹಿಡಿದಿಡುವ ಕೊಲಾಜೆನ್ ಗಟ್ಟಿಯಾಗಲು ಅದು ಬೇಕೇ ಬೇಕು. ತಿಂಗಳುಗಟ್ಟಲೆ ಹಣ್ಣು ಕಾಣದ ನಾವಿಕರಿಗೆ ಒಸಡಿನಲ್ಲಿ ರಕ್ತ ಒಸರುತ್ತಿದ್ದದ್ದು ಇದರ ಕೊರತೆಯಿಂದ. 1747ರಲ್ಲಿ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಕಿತ್ತಳೆ, ನಿಂಬೆ ತಿನ್ನಿಸಿ ಅವರನ್ನು ಎಬ್ಬಿಸಿ ಕೂರಿಸಿದ್ದ. ಹಾಗೆಂದು ದಿನಕ್ಕೆ ಸಾವಿರ ಮಿಲಿಗ್ರಾಂ ನುಂಗಿದರೆ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ. ಒಂದು ಸೀಬೆಹಣ್ಣೇ ದಿನದ ಅಗತ್ಯವನ್ನು ಪೂರೈಸಿ ಮಿಗುತ್ತದೆ.

ಹಣ್ಣು ತಿನ್ನುವವರು ಹೆಚ್ಚು ಆರೋಗ್ಯವಂತರೆಂಬುದು ಸುಳ್ಳಲ್ಲ. ಅದರಲ್ಲಿ ನಾರಿನ ಪಾಲಿದೆ, ಪೊಟ್ಯಾಸಿಯಂ ಪಾಲಿದೆ, ಆ ಜಾಗದಲ್ಲಿ ತಿನ್ನಬಹುದಾಗಿದ್ದ ಬೋಂಡ ತಪ್ಪಿದ್ದರ ಪಾಲೂ ಇದೆ. ದಿನಕ್ಕೆ ಹಣ್ಣು ತರಕಾರಿ ಸೇರಿ 400 ಗ್ರಾಂ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಾಗಿ ವಿಮಾನದಲ್ಲಿ ಬಂದ ಬ್ಲೂಬೆರಿ ಹುಡುಕಬೇಕಿಲ್ಲ. ಸೀಬೆಯ ಕಾಲದಲ್ಲಿ ಸೀಬೆ, ನೇರಳೆಯ ಕಾಲದಲ್ಲಿ ನೇರಳೆ ತಿನ್ನಿ; ಜ್ಯೂಸ್ ಮಾಡಿ ಸೋಸಬೇಡಿ, ಅಗಿದೇ ತಿನ್ನಿ.