ಎರಡು ರಾಜ್ಯ, ಒಂದು ಸ್ಕೂಟರು

ವಿಧಾನಸಭೆಯ ಅಧಿವೇಶನದ ಸುದ್ದಿಯನ್ನು ನಮ್ಮಲ್ಲಿ ಎಷ್ಟು ಮಂದಿ ಪೂರ್ತಿ ಓದುತ್ತೇವೆ? ಗದ್ದಲವಾದ ದಿನ ಓದುತ್ತೇವೆ. ಮಸೂದೆ ಅಂಗೀಕಾರವಾದ ದಿನ ಪುಟ ತಿರುವುತ್ತೇವೆ. ನಾವೂ ಹಾಗೆಯೇ ಇದ್ದವರು. ಆ ಉದಾಸೀನಕ್ಕೆ ತೆತ್ತ ಬೆಲೆಯನ್ನು ಓದುಗ ಬಂಧುಗಳ ಮುಂದಿಡುವುದಕ್ಕಾಗಿಯೇ ಈ ಬರಹ.

ನಮ್ಮ ತಂದೆಯವರು 2019ರಲ್ಲಿ ನಿವೃತ್ತರಾದಾಗ, ಬಂದ ಹಣದಲ್ಲಿ ನಮಗೊಂದು ಸ್ಕೂಟರು ಕೊಡಿಸಿದರು. ಧಾರವಾಡದ ಕೆಎ 25 ನಂಬರು. ಜೀವಾವಧಿ ತೆರಿಗೆಯನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾಯಿತು. 2023ರ ಜೂನಿನಲ್ಲಿ ನಮಗೆ ಪುಣೆಗೆ ವರ್ಗವಾಯಿತು. ಕೇಂದ್ರ ಸರ್ಕಾರದ ಗುಮಾಸ್ತನಿಗೆ ವರ್ಗವೆಂಬುದು ಮಳೆಗಾಲದಂತೆ. ಇಂದಲ್ಲ ನಾಳೆ ಬಂದೇ ಬರುವುದು. ಹೆಂಡತಿ ಮಕ್ಕಳು, ಪಾತ್ರೆ ಪಗಡ, ಹಿಂದೆಯೇ ರೈಲಿನಲ್ಲಿ ಸ್ಕೂಟರು, ಎಲ್ಲವೂ ಪುಣೆ ಸೇರಿದವು. ಜೀವಾವಧಿ ತೆರಿಗೆ ಕಟ್ಟಿರುವಾಗ ಜೀವ ಇರುವವರೆಗೆ ಚಿಂತೆಯೇನೆಂದು ನಾವು ನಿಶ್ಚಿಂತರಾಗಿದ್ದೆವು.

ಒಂದು ವರ್ಷ ದಾಟಿ ಎರಡು ತಿಂಗಳಾಗಿತ್ತು. ಒಂದು ಚೌಕದಲ್ಲಿ ಪೊಲೀಸರು ಗಾಡಿ ನಿಲ್ಲಿಸಿ, ಇಲ್ಲಿಗೆ ಬಂದು ಎಷ್ಟು ದಿನವಾಯಿತೆಂದು ಮರಾಠಿಯಲ್ಲಿ ಕೇಳಿದರು. ನಾವು ನಿಜವನ್ನೇ ಹೇಳಿದೆವು. ಅಂದಿನಿಂದ ಶುರುವಾಯಿತು ನಮ್ಮ ಓಡಾಟ.

ಇದರ ಹಿಂದಿನ ಕಾಯಿದೆ ಹೀಗಿದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಂದು ರಾಜ್ಯದಲ್ಲಿ ಆದ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ಆದರೆ ಅದೇ ಕಾಯಿದೆಯ 47ನೆಯ ಕಲಮು ಇನ್ನೊಂದು ಮಾತು ಹೇಳುತ್ತದೆ: ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ತೆರಿಗೆಯ ಮಾತೇ ಬೇರೆ. ಮೋಟಾರು ವಾಹನ, ವಿದ್ಯುತ್ತು ಇವೆರಡೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ ವಿಷಯಗಳು. ಕೇಂದ್ರವೂ ಶಾಸನ ಮಾಡಬಹುದು, ರಾಜ್ಯವೂ ಮಾಡಬಹುದು. ಆದರೆ ವಾಹನದ ಮೇಲಿನ ತೆರಿಗೆ, ವಿದ್ಯುತ್ತಿನ ಬಳಕೆಯ ಮೇಲಿನ ತೆರಿಗೆ, ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆ ಇವು ರಾಜ್ಯಗಳ ಪಟ್ಟಿಗೆ ಸೇರಿದವು. ಎಂದರೆ ಗಾಡಿಯ ನಂಬರು ದೇಶಕ್ಕೆಲ್ಲ ಸಲ್ಲುತ್ತದೆ. ಅದಕ್ಕೆ ಕಟ್ಟಿದ ತೆರಿಗೆ ಮಾತ್ರ ರಾಜ್ಯದ ಗಡಿಯಲ್ಲೇ ನಿಲ್ಲುತ್ತದೆ.

ನಾವು ಧಾರವಾಡದಿಂದ ನಿರಾಕ್ಷೇಪಣಾ ಪತ್ರ ತರಬೇಕಾಯಿತು. ಗಾಡಿಯ ವಯಸ್ಸಿಗೆ ತಕ್ಕಂತೆ ಇಲ್ಲಿನ ತೆರಿಗೆ ಕಟ್ಟಬೇಕಾಯಿತು. ಬಳಿಕ ಕರ್ನಾಟಕದಲ್ಲಿ ಕಟ್ಟಿದ್ದರ ಉಳಿದ ಭಾಗವನ್ನು ಮರಳಿ ಕೊಡಿರೆಂದು ಅರ್ಜಿ ಹಾಕಬೇಕಾಯಿತು. ದಂಡ, ಎರಡು ಸಲದ ರೈಲಿನ ಖರ್ಚು, ಹೋದ ರಜೆಗಳು ಬೇರೆ. ಶ್ರೀಮಂತರಿಗೆ ಅದು ಸಣ್ಣ ಮೊತ್ತವೇ ಇರಬಹುದು. ನಮ್ಮ ಮನೆಯಲ್ಲಿ ಅದು ತಂದೆಯವರ ಕಣ್ಣಿನ ಪೊರೆ ತೆಗೆಸಲು ಎತ್ತಿಟ್ಟ ಹಣವಾಗಿತ್ತು. "ಅವಸರ ಏನೈತಿ, ಮರಳಿ ಬಂದ ಮ್ಯಾಲೆ ಮಾಡಸೋಣು" ಎಂದು ಅವರು ದೂರವಾಣಿಯಲ್ಲಿ ನಕ್ಕುಬಿಟ್ಟರು. ನಮಗೆ ನಗು ಬರಲಿಲ್ಲ.

ಊರಿಗೆ ಹೋಗಿ ಬರುವವರ ಮೇಲೆ ಇಂಥ ಭಾರ ಬೀಳುವುದು ಇದೇ ಮೊದಲಲ್ಲ. 2014ರಲ್ಲಿ ಕರ್ನಾಟಕದ ಶಾಸನಸಭೆ ತನ್ನ 1957ರ ವಾಹನ ತೆರಿಗೆ ಕಾಯಿದೆಗೆ ತಿದ್ದುಪಡಿ ತಂದು, ಹೊರರಾಜ್ಯದ ಗಾಡಿ 30 ದಿನಕ್ಕಿಂತ ಹೆಚ್ಚು ಕಾಲ ರಾಜ್ಯದಲ್ಲಿದ್ದರೆ ಜೀವಾವಧಿ ತೆರಿಗೆ ಕಟ್ಟಬೇಕೆಂದು ವಿಧಿಸಿತು. ಮುಂಬಯಿ, ಪುಣೆ, ಹೈದರಾಬಾದುಗಳ ನಂಬರು ಹೊತ್ತು ತವರಿಗೆ ಹೋದ ಅನೇಕರಿಗೆ ಅದು ಬಿಸಿ ಮುಟ್ಟಿಸಿತು. 2016ರ ಮಾರ್ಚಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಮಸೂದೆ ಸಭೆಯಲ್ಲಿದ್ದಾಗ ನಮ್ಮ ಪರವಾಗಿ ಮಾತನಾಡುವವರು ಯಾರು? ನಾವು ಮತ ಹಾಕುವುದು ಇಲ್ಲಿ. ತೆರಿಗೆ ಬೀಳುವುದು ಅಲ್ಲಿ.

ಇನ್ನು ವಿದ್ಯುತ್ತಿನ ಮಾತು. ಅದಕ್ಕೂ ಗಾಡಿಗೂ ಏನು ಸಂಬಂಧವೆಂದು ಕೇಳುವ ಕಾಲ ಹೋಯಿತು. ಪುಣೆಯಲ್ಲಿ ನಮ್ಮ ಮನೆಯ ಬಿಲ್ಲಿನಲ್ಲಿ ಶೇಕಡಾ 16ರ ವಿದ್ಯುತ್ ಸುಂಕವಿದೆ. ಕರ್ನಾಟಕ ತನ್ನ ವಿದ್ಯುತ್ ಬಳಕೆಯ ತೆರಿಗೆಯನ್ನು 2018ರಲ್ಲಿ ಶೇಕಡಾ 6ರಿಂದ 9ಕ್ಕೆ ಏರಿಸಿತು. ಬ್ಯಾಟರಿಯ ಗಾಡಿಗಳು ಹೆಚ್ಚಿದಂತೆ ಪೆಟ್ರೋಲಿನಿಂದ ರಾಜ್ಯಗಳಿಗೆ ಬರುವ ತೆರಿಗೆ ಇಳಿಯಬೇಕಷ್ಟೆ. ಹೊಗೆ ಕಡಿಮೆಯಾಗಲೆಂದು ಅವಕ್ಕೆ ತೆರಿಗೆ ಬಿಡಬೇಕೇ, ರಸ್ತೆ ಮಾಡಿಸಲು ಹಣ ಬೇಕೆಂದು ತೆರಿಗೆ ಹಾಕಬೇಕೇ? ಶಾಸಕರ ಮುಂದಿರುವ ಇಕ್ಕಟ್ಟು ಇದೇ.

2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲಿ ಮೊದಲು ತಂದ ಕರ್ನಾಟಕವೇ, 2024ರಲ್ಲಿ 25 ಲಕ್ಷ ರೂಪಾಯಿಗೆ ಮೀರಿದ ವಿದ್ಯುತ್ ಕಾರುಗಳಿಗೆ ಶೇಕಡಾ 10ರ ಜೀವಾವಧಿ ತೆರಿಗೆಯನ್ನು ಶಾಸನದ ಮೂಲಕ ವಿಧಿಸಿತು. ಮಹಾರಾಷ್ಟ್ರವು 2025ರ ಮಾರ್ಚಿನ ಆಯವ್ಯಯದಲ್ಲಿ 30 ಲಕ್ಷಕ್ಕೆ ಮೀರಿದವುಗಳಿಗೆ ಶೇಕಡಾ 6ರ ತೆರಿಗೆಯನ್ನು ಸೂಚಿಸಿತು. ವಿಧಾನ ಪರಿಷತ್ತಿನಲ್ಲಿ ಚರ್ಚೆಯಾದಾಗ ಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಅದನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿದರು. ಒಂದೇ ಪ್ರಶ್ನೆಗೆ ನೆರೆಹೊರೆಯ ಎರಡು ರಾಜ್ಯಗಳು ಎರಡು ಉತ್ತರ ಕೊಟ್ಟವು. ಸಭೆಯಲ್ಲಿ ಆಡಿದ ಮಾತಿಗೆ ಫಲವುಂಟೆಂಬುದಕ್ಕೂ ಇದು ಸಾಕ್ಷಿ. ಸಾಮಾನ್ಯವಾಗಿ ತೆರಿಗೆ ಮಸೂದೆಯು ಹಣಕಾಸಿನ ಮಸೂದೆಯಾಗಿ ವಿಧಾನಸಭೆಯಲ್ಲೇ ಹುಟ್ಟುತ್ತದೆ. ಪರಿಷತ್ತು ಅದನ್ನು 14 ದಿನಕ್ಕಿಂತ ಹೆಚ್ಚು ತಡೆಯಲಾರದು. ಹೇಳುವುದಿದ್ದರೆ ಬೇಗನೆ ಹೇಳಬೇಕು.

ಈಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಊರೂರು ವರ್ಗವಾಗುವವರ ತೊಂದರೆ ನೀಗಲೆಂದು 2021ರ ಸೆಪ್ಟೆಂಬರ್ 15ರಿಂದ ಕೇಂದ್ರ ಸರ್ಕಾರ ‘ಬಿಎಚ್’ ಎಂಬ ನಂಬರಿನ ಸಾಲನ್ನು ಜಾರಿಗೆ ತಂದಿತು. ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಸಂಸ್ಥೆಗಳ ನೌಕರರಿಗೆ ಅದು ದೊರೆಯುತ್ತದೆ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ರಾಜ್ಯ ಬದಲಿಸಿದರೂ ನಂಬರು ಬದಲಿಸಬೇಕಿಲ್ಲ. 2022ರ ಡಿಸೆಂಬರಿನ ತಿದ್ದುಪಡಿಯಿಂದ ಹಳೆಯ ಗಾಡಿಗಳಿಗೂ ಆ ಅನುಕೂಲ ಬಂತು. ಅಂದರೆ ನಮ್ಮ ವರ್ಗಕ್ಕೆ ಆರು ತಿಂಗಳ ಮೊದಲೇ! ದಿನವಿಡೀ ಸುತ್ತೋಲೆಗಳನ್ನು ಕಡತಕ್ಕೆ ಸೇರಿಸುವ ಗುಮಾಸ್ತರೇ ಇದನ್ನು ಓದಲಿಲ್ಲ. ದೀಪದ ಬುಡದಲ್ಲಿ ಕತ್ತಲೆಯೆಂದು ನಮ್ಮ ಮನೆಯವರು ಈಗಲೂ ಹಂಗಿಸುವರು.

ಆದ್ದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ವರ್ಗದ ಆಜ್ಞೆ ಕೈಗೆ ಬಂದ ದಿನವೇ ಗಾಡಿಯ ಕಾಗದಗಳನ್ನು ತೆಗೆದು ನೋಡಿರಿ. ಹನ್ನೆರಡನೆಯ ತಿಂಗಳನ್ನು ಪಂಚಾಂಗದಲ್ಲಿ ಗುರುತು ಹಾಕಿರಿ. ಎರಡೂ ರಾಜ್ಯಗಳ ಅಧಿವೇಶನದ ಸುದ್ದಿಯ ಮೇಲೆ ಕಣ್ಣಿರಲಿ. ನಾವು ಮತ ಹಾಕುವ ಕ್ಷೇತ್ರದ ಶಾಸಕರಿಗೆ ಒಂದು ಕಾಗದ ಬರೆಯುವುದು ದೊಡ್ಡ ಕೆಲಸವಲ್ಲ. ಸಂಘದ ಪರವಾಗಿ ಹತ್ತು ಮಂದಿ ಸಹಿ ಹಾಕಿದರೆ ಅದರ ತೂಕ ಇನ್ನೂ ಹೆಚ್ಚು.

ನಮ್ಮ ಮರುಪಾವತಿಯ ಹಣ ಏಳು ತಿಂಗಳಿಗೆ ಕೈಸೇರಿತು. ತಂದೆಯವರ ಕಣ್ಣಿನ ಪೊರೆಯನ್ನೂ ತೆಗೆಸಿದ್ದಾಯಿತು. ಆಮೇಲೆ ಚೌತಿಗೆ ಪುಣೆಗೆ ಬಂದಾಗ ಅವರು ಅಂಗಳದಲ್ಲಿ ಸ್ಕೂಟರಿನ ಮುಂದೆ ನಿಂತು, ಹೊಸ ಫಲಕದ ಮೇಲಿನ ಎಂಎಚ್ 12 ನಂಬರನ್ನು ಗಟ್ಟಿಯಾಗಿ ಓದಿದರು.

"ಅಕ್ಷರ ಚಲೋ ಕಾಣತಾವು. ಆದ್ರ ಹಳೇ ಫಲಕ ಎಲ್ಲೈತಿ?" ಎಂದರು.

ಅದು ಅಟ್ಟದ ಮೇಲಿದೆ ಎಂದೆವು. ಇಳಿಸಿ ತರಿಸಿಕೊಂಡು, ಒರೆಸಿ, ಹೋಗುವಾಗ ತಮ್ಮ ಚೀಲದಲ್ಲಿಟ್ಟುಕೊಂಡು ಧಾರವಾಡಕ್ಕೆ ಒಯ್ದರು.