ಅಣುತ್ಯಾಜ್ಯದ ಭೂಗತ ನಿಕ್ಷೇಪವೂ ಅಂತರ್ಜಲವೂ

ಅಣುಶಕ್ತಿಯಿಂದ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರಗಳಲ್ಲಿ ಬಳಸಿ ಉಳಿದ ಇಂಧನವು ಬಹುಕಾಲ ಅಪಾಯಕರವಾದ ಕಿರಣಗಳನ್ನು ಸೂಸುತ್ತಿರುವುದು. ಅದರಲ್ಲಿರುವ ಪ್ಲುಟೋನಿಯಮ್ಮಿನ ಮುಖ್ಯವಾದ ಬಗೆಯು ಅರ್ಧಕ್ಕಿಳಿಯಲು ಸುಮಾರು 24,000 ವರ್ಷಗಳು ಬೇಕು. ಆದುದರಿಂದ ಇದನ್ನು ನೆಲದಲ್ಲಿ ಬಹಳ ಆಳಕ್ಕೆ ಹೂಳುವುದೇ ಯುಕ್ತವೆಂದು ಅನೇಕ ದೇಶಗಳ ತಜ್ಞರು ನಿಶ್ಚಯಿಸಿರುವರು. ಹೂಳಿದ ವಸ್ತುವನ್ನು ಮರಳಿ ಮೇಲಕ್ಕೆ ಹೊತ್ತು ತರತಕ್ಕದ್ದು ಮುಖ್ಯವಾಗಿ ನೀರೇ.

ಗಟ್ಟಿಕಲ್ಲಿನ ನೆಲದಲ್ಲಿ ಒಂದು ಬಾವಿಗೆ ಸೆಲೆ ಸಿಕ್ಕಿ, ಹತ್ತು ಮಾರು ದೂರದ ಮತ್ತೊಂದು ಬಾವಿಯು ಒಣಗಿರುವುದುಂಟು. ನೀರು ಹರಿಯುವುದು ಕಲ್ಲಿನಲ್ಲಲ್ಲ, ಕಲ್ಲಿನ ಬಿರುಕುಗಳಲ್ಲಿ. ಆದಕಾರಣ ನಿಕ್ಷೇಪದ ಸ್ಥಳವನ್ನು ಆರಿಸುವಾಗ ಮೂರು ಸಂಗತಿಗಳನ್ನು ಪರೀಕ್ಷಿಸತಕ್ಕದ್ದು:

(1) ಬಿರುಕುಗಳು ಎಷ್ಟಿವೆ, ಅವು ಒಂದಕ್ಕೊಂದು ಕೂಡಿಕೊಂಡಿವೆಯೇ;
(2) ನೀರು ಯಾವ ಕಡೆಗೆ, ಎಷ್ಟು ವೇಗದಿಂದ ಚಲಿಸುವುದು;
(3) ಆ ನೀರಿನಲ್ಲಿ ಆಮ್ಲಜನಕವೂ ಲವಣಗಳೂ ಎಷ್ಟಿವೆ.

ಇವುಗಳನ್ನು ಅಲಕ್ಷಿಸಿದರೆ ಆಗುವ ಕೇಡಿಗೆ ಜರ್ಮನಿಯ ಆಸ್ಸೆ ಉಪ್ಪಿನ ಗಣಿಯೇ ನಿದರ್ಶನ. ಅಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಪೀಪಾಯಿಗಳಷ್ಟು ತ್ಯಾಜ್ಯವನ್ನು ಇರಿಸಲಾಯಿತು. ಉಪ್ಪನ್ನು ಗಣಿಯ ಅಂಚಿನವರೆಗೂ ತೆಗೆದಿದ್ದುದರಿಂದ ಸುತ್ತಲಿನ ಕಲ್ಲು ಸಡಿಲಿ, 1988ರ ತರುವಾಯ ಪ್ರತಿದಿನವೂ ಹಲವು ಸಾವಿರ ಲೀಟರುಗಳಷ್ಟು ನೀರು ಒಳಗೆ ಸೇರತೊಡಗಿತು. ಆ ತ್ಯಾಜ್ಯವನ್ನೆಲ್ಲ ಹೊರತೆಗೆಯತಕ್ಕದ್ದೆಂದು 2013ರಲ್ಲಿ ಶಾಸನವಾಯಿತು. ಹೂಳುವುದಕ್ಕಿಂತ ತೆಗೆಯುವುದು ಬಹು ಕಷ್ಟ.

ಫಿನ್‌ಲೆಂಡಿನವರು ಓಲ್ಕಿಲುವೋಟೋ ದ್ವೀಪದಲ್ಲಿ ಬೇರೆ ಕ್ರಮವನ್ನು ಹಿಡಿದಿರುವರು. ಅಲ್ಲಿ 400 ಮೀಟರಿಗೂ ಹೆಚ್ಚಿನ ಆಳದ ಹಳೆಯ ಶಿಲೆಯಲ್ಲಿ ಸುರಂಗಗಳನ್ನು ಕೊರೆದಿದ್ದಾರೆ. ಅಷ್ಟು ಆಳದ ನೀರಿನಲ್ಲಿ ಆಮ್ಲಜನಕವಿಲ್ಲದಿರುವುದರಿಂದ ತಾಮ್ರವು ಬಹು ನಿಧಾನವಾಗಿ ಸವೆಯುವುದು. ಆದುದರಿಂದಲೇ ತಾಮ್ರದ ಕೊಳವೆಗಳಲ್ಲಿ ಇಂಧನವನ್ನಿಡುವ ಏರ್ಪಾಡು. ಕೊಳವೆಯ ಸುತ್ತಲೂ ಬೆಂಟೊನೈಟ್ ಎಂಬ ಜೇಡಿಯನ್ನು ತುಂಬುವರು. ನಮ್ಮ ಎರೆಮಣ್ಣು ನೆನೆದರೆ ಉಬ್ಬುವಂತೆ ಇದೂ ಉಬ್ಬಿ ನೀರಿನ ದಾರಿಯನ್ನು ಮುಚ್ಚುವುದು.

ಕೋಲಾರದ ಚಿನ್ನದ ಗಣಿಯಲ್ಲಿಯೂ 1980ರ ದಶಕದಲ್ಲಿ ಸುಮಾರು 1,000 ಮೀಟರು ಆಳದಲ್ಲಿ, ಶಿಲೆಯು ಶಾಖವನ್ನು ಹೇಗೆ ತಾಳುವುದೆಂದು ವಿದ್ಯುತ್ ತಾಪಕಗಳಿಂದ ಪರೀಕ್ಷಿಸಲಾಗಿತ್ತು. ಆದರೆ ಶಾಖವನ್ನು ತಾಳುವ ಶಿಲೆಯೆಲ್ಲವೂ ನೀರನ್ನು ತಡೆಯುವುದೆಂದು ಭಾವಿಸಲಾಗದು.

ಆಳದ ಯಾವ ಕೆಲಸಕ್ಕೇ ಆಗಲಿ ಸ್ಥಳವನ್ನು ಕೇಳುವವರು ಬಂದಲ್ಲಿ, ಗ್ರಾಮದ ಮುಖಂಡರು ನೀರಿನ ವಿಷಯವನ್ನು ಮೊದಲು ವಿಚಾರಿಸಬೇಕು. ಮಳೆಗಾಲಕ್ಕೆ ಮುಂಚೆಯೂ ಅನಂತರವೂ ಬಾವಿಗಳ ನೀರಿನ ಮಟ್ಟವನ್ನು ಅಳೆದು ಪ್ರತಿವರ್ಷವೂ ಬರೆದಿಡುವುದು ಉತ್ತಮ. ಮುಂದೆ ನೀರು ಕೆಟ್ಟರೆ ಅಥವಾ ಇಳಿದರೆ, ಮೊದಲು ಹೇಗಿತ್ತೆಂದು ತೋರಿಸಲು ಆ ಲೆಕ್ಕವೇ ಆಧಾರ.