ಬೆರಳು ಎಲ್ಲಿ ನಿಲ್ಲುತ್ತದೆ?

ಹೊಸ ತಂತ್ರಾಂಶ ಕಲಿಯಲು ಕುಳಿತವರು ಕೈಪಿಡಿಯನ್ನು ಕಾದಂಬರಿಯಂತೆ ಓದುವುದಿಲ್ಲ. ಒಂದು ಸಾಲು ನೋಡಿ ಪರದೆಗೆ ಕಣ್ಣು ಹಾಯಿಸುತ್ತಾರೆ, ಏನೋ ಒತ್ತುತ್ತಾರೆ, ಮತ್ತೆ ಪುಟಕ್ಕೆ ಬಂದು ಬಿಟ್ಟ ಸಾಲು ಹುಡುಕುತ್ತಾರೆ. 1980ರ ದಶಕದಲ್ಲಿ ಐಬಿಎಂನಲ್ಲಿದ್ದ ಜಾನ್ ಕ್ಯಾರೊಲ್ ಕಲಿಯುವವರ ಈ ಸ್ವಭಾವವನ್ನೇ ಅಧ್ಯಯನ ಮಾಡಿದರು. ಉದ್ದನೆಯ ಪೀಠಿಕೆ ಕಿತ್ತುಹಾಕಿ, ತಪ್ಪಾದಾಗ ಸರಿಪಡಿಸಿಕೊಳ್ಳುವ ದಾರಿ ಹೇಳುವ ತೆಳುವಾದ ಕೈಪಿಡಿಗಳು ಅಲ್ಲಿಂದ ಹುಟ್ಟಿದವು.

ಪುಟವಿನ್ಯಾಸದ ನಿಯಮಗಳೆಲ್ಲ ಆ ಓಡಾಡುವ ಕಣ್ಣಿಗಾಗಿಯೇ ಇವೆ. ಹಂತಗಳಿಗೆ ಸಂಖ್ಯೆ ಇರಲಿ, ಒಂದು ಹಂತದಲ್ಲಿ ಒಂದೇ ಕೆಲಸ ಇರಲಿ, ಒತ್ತಬೇಕಾದ ಬಟನ್ನಿನ ಹೆಸರು ದಪ್ಪಕ್ಷರದಲ್ಲಿರಲಿ. ಎಲ್ಲಿ ಎಂಬುದು ಮೊದಲು, ಏನು ಮಾಡಬೇಕು ಎಂಬುದು ಆಮೇಲೆ ಬರಬೇಕೆಂದು ಇಂಗ್ಲಿಷ್ ಬರಹಗಾರರಿಗೆ ಕಲಿಸಿಕೊಡಬೇಕಾಗುತ್ತದೆ. ‘ಫೈಲ್ ಮೆನುವಿನಲ್ಲಿ ಸೇವ್ ಒತ್ತಿ’ ಎನ್ನುವ ಕನ್ನಡಕ್ಕೆ ಆ ಕ್ರಮ ಸಹಜವಾಗಿಯೇ ಒದಗಿದೆ.

ಆದರೆ ಇಂಗ್ಲಿಷಿನ ಎಲ್ಲ ನಿಯಮಗಳೂ ನಮಗೆ ಒಗ್ಗುವುದಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಹೀಗಾಗಿ ದಪ್ಪಕ್ಷರ ಬಿಟ್ಟುಹೋದರೆ ಬಟನ್ನಿನ ಹೆಸರು ಸಾಲಿನಲ್ಲೇ ಕರಗಿಹೋಗುತ್ತದೆ. ಓರೆ ಅಕ್ಷರದಲ್ಲಿ ಒತ್ತು ಕೊಡಲು ಹೋದರೆ ಒತ್ತಕ್ಷರಗಳು ಸಣ್ಣ ಅಚ್ಚಿನಲ್ಲಿ ಕಲಸಿಕೊಳ್ಳುತ್ತವೆ. ಅದನ್ನು ಕೈಬಿಡುವುದೇ ಲೇಸು. ವಿಭಕ್ತಿ ಪ್ರತ್ಯಯದ ತೊಡಕೂ ಇದೆ. ‘ಸೇವನ್ನು ಒತ್ತಿ’ ಎಂದು ಬರೆದರೆ ಪರದೆಯ ಮೇಲಿನ ಹೆಸರೇ ರೂಪಗೆಡುತ್ತದೆ. ‘ಸೇವ್ ಬಟನ್ ಒತ್ತಿ’ ಎಂದರೆ ಹೆಸರು ಹಾಗೇ ಉಳಿಯುತ್ತದೆ, ಪ್ರತ್ಯಯದ ಗೊಡವೆಯೂ ಇಲ್ಲ.

ಪರದೆಯಲ್ಲಿ ಇಂಗ್ಲಿಷಿನ ‘ಸಬ್ಮಿಟ್’ ಇದ್ದು ಕೈಪಿಡಿಯಲ್ಲಿ ‘ಸಲ್ಲಿಸಿ’ ಎಂದಷ್ಟೇ ಇದ್ದರೆ ಕಲಿಯುವವರು ಇಲ್ಲದ ಬಟನ್ ಹುಡುಕುತ್ತಾ ಕೂರುತ್ತಾರೆ. ಇದು ನನ್ನ ಮಟ್ಟಿಗೆ ಅತಿ ದೊಡ್ಡ ದೋಷ. ಪರದೆಯ ಹೆಸರನ್ನು ಪರದೆಯ ಲಿಪಿಯಲ್ಲೇ ಅಚ್ಚು ಹಾಕಿ, ಬೇಕಿದ್ದರೆ ಪಕ್ಕದಲ್ಲಿ ಕನ್ನಡದ ಅರ್ಥ ಕೊಡಬೇಕು. ತಂತ್ರಾಂಶ ಬದಲಾದಾಗ ಪರದೆಯ ಚಿತ್ರಗಳೂ ಬದಲಾಗಬೇಕು.

ತಂತ್ರಾಂಶ ಕಲಿಸುವ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ವೀಡಿಯೊ ಪಾಠಗಳು ಕನ್ನಡದಲ್ಲೂ ಇವೆ. ಅವುಗಳ ಮೂಲ ಬರಹದಲ್ಲಿ ಒಂದು ಕಡೆ ಪರದೆಯಲ್ಲಿ ಕಾಣುವುದು, ಇನ್ನೊಂದು ಕಡೆ ಹೇಳುವ ಮಾತು, ಹೀಗೆ ಎರಡು ಕಂಬಸಾಲುಗಳಿರುತ್ತವೆ. ಅಚ್ಚಿನ ಕೈಪಿಡಿ ಬರೆಯುವವರೂ ಈ ಶಿಸ್ತನ್ನು ಕಲಿಯಬಹುದು.

ಕಚೇರಿಗಾಗಿ ಕೈಪಿಡಿ ಸಿದ್ಧಪಡಿಸುವವರಲ್ಲಿ ಒಂದು ವಿನಂತಿ. ಅಚ್ಚಿಗೆ ಕಳಿಸುವ ಮುನ್ನ ಆ ತಂತ್ರಾಂಶವನ್ನೇ ಕಾಣದ ಒಬ್ಬರ ಕೈಗೆ ಕರಡು ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಬೆರಳು ಎಲ್ಲಿ ತಡವರಿಸಿತೋ ಆ ಸಾಲನ್ನು ತಿದ್ದಿ.